ಕ್ವೆರಿಯರ್ ಇಲ್ಲದ ಸ್ನೂಪಿಂಗ್

ಒಂದು ಕಟ್ಟಡದ 30 ಸಿಸಿಟಿವಿ ಕ್ಯಾಮೆರಾಗಳು ತಲಾ 4 ಎಂಬಿಪಿಎಸ್‌ನಂತೆ ಮಲ್ಟಿಕಾಸ್ಟ್ (ಒಂದು ಗುಂಪಿನ ವಿಳಾಸಕ್ಕೆ ಒಮ್ಮೆ ಕಳುಹಿಸಿ, ಬೇಕಾದವರೆಲ್ಲ ಪಡೆಯುವ ವಿಧಾನ) ಮೂಲಕ ದೃಶ್ಯ ಕಳುಹಿಸುತ್ತಿವೆ ಎಂದಿಟ್ಟುಕೊಳ್ಳೋಣ. ಸ್ನೂಪಿಂಗ್ (ಯಾವ ಪೋರ್ಟಿಗೆ ಯಾವ ಗುಂಪು ಬೇಕೆಂದು ಕದ್ದು ಕೇಳಿ ತಿಳಿಯುವ ಸೌಲಭ್ಯ) ಇಲ್ಲದ ಸ್ವಿಚ್ ಆ 120 ಎಂಬಿಪಿಎಸ್ ಅನ್ನು ವಿಲ್ಯಾನ್‌ನ (ಸ್ವಿಚ್‌ಗಳಲ್ಲಿ ಬೇರ್ಪಡಿಸಿದ ಒಂದು ಜಾಲ) ಎಲ್ಲ ಪೋರ್ಟ್‌ಗಳಿಗೂ ಸುರಿಯುವುದರಿಂದ, 100 ಎಂಬಿಪಿಎಸ್ ಪೋರ್ಟಿನಲ್ಲಿರುವ ಹಳೆಯ ಪ್ರಿಂಟರ್ ತನಗೆ ಸಂಬಂಧವೇ ಇಲ್ಲದ ದಟ್ಟಣೆಯಲ್ಲಿ ಉಸಿರುಗಟ್ಟುತ್ತದೆ.

ಐಜಿಎಂಪಿ (ಯಂತ್ರಗಳು ತಮಗೆ ಬೇಕಾದ ಗುಂಪನ್ನು ತಿಳಿಸುವ ನಿಯಮಾವಳಿ) ಸ್ನೂಪಿಂಗ್ ಆನ್ ಮಾಡಿದರೆ ಮುಗಿಯಿತು ಎಂದು ಹಲವರು ಭಾವಿಸುತ್ತಾರೆ. ನನ್ನ ಪ್ರಕಾರ ಅದು ಅರ್ಧ ಕೆಲಸ. ಯಾವ ಪೋರ್ಟಿಗೆ ಯಾವ ಗುಂಪು ಬೇಕೆಂದು ಸ್ವಿಚ್ ಬರೆದಿಟ್ಟುಕೊಳ್ಳುವ ಪಟ್ಟಿಗೆ ಆಯುಸ್ಸಿದೆ. ಅದನ್ನು ಜೀವಂತವಾಗಿಡಲು ಯಾರಾದರೂ ನಿಯತವಾಗಿ ಕ್ವೆರಿ (ಯಾರಿಗೆ ಯಾವ ಗುಂಪು ಬೇಕೆಂಬ ಪ್ರಶ್ನೆ) ಕಳುಹಿಸುತ್ತಿರಬೇಕು; ಹಾಗೆ ಕಳುಹಿಸುವವರೇ ಕ್ವೆರಿಯರ್. ಸಾಮಾನ್ಯವಾಗಿ ಮಲ್ಟಿಕಾಸ್ಟ್ ರೂಟರ್ ಮಾಡುವ ಈ ಕೆಲಸಕ್ಕೆ, ಹೊರಗಿನ ಸಂಪರ್ಕವಿಲ್ಲದ ಕ್ಯಾಮೆರಾ ವಿಲ್ಯಾನ್‌ನಲ್ಲಿ ಯಾರೂ ಇರುವುದಿಲ್ಲ. ಕ್ವೆರಿಗಳ ರೂಢಿಯ ಅಂತರ 125 ಸೆಕೆಂಡು, ಉತ್ತರಕ್ಕೆ ಕೊಡುವ ಗಡುವು 10 ಸೆಕೆಂಡು. ಎರಡು ಅಂತರ ಮತ್ತು ಒಂದು ಗಡುವು ಸೇರಿ 260 ಸೆಕೆಂಡು ಕಳೆದರೆ ನಮೂದು ಅಳಿಯುತ್ತದೆ. ಆದ್ದರಿಂದ ದೃಶ್ಯ ನಾಲ್ಕು ನಿಮಿಷ ಚೆನ್ನಾಗಿ ಬಂದು ನಿಂತಿತು ಎಂಬ ದೂರು ಕೇಳಿದೊಡನೆ ನಾನು ಮೊದಲು ನೋಡುವುದು ಕ್ವೆರಿಯರ್ ಇದೆಯೇ ಎಂಬುದನ್ನು.

ಅದನ್ನು ಎಲ್ಲಿಡಬೇಕೆಂಬುದೂ ಮುಖ್ಯ. ಕ್ವೆರಿ ಬರುವ ದಿಕ್ಕಿನ ಪೋರ್ಟನ್ನು ಸ್ವಿಚ್ ರೂಟರ್ ಪೋರ್ಟೆಂದು ಗುರುತಿಸಿ, ಎಲ್ಲ ಗುಂಪುಗಳ ದೃಶ್ಯಗಳನ್ನೂ ಅತ್ತ ಕಳುಹಿಸುತ್ತದೆ. ಮೂಲೆಯ ಸಣ್ಣ ಸ್ವಿಚ್ ಕ್ವೆರಿಯರ್ ಆದರೆ ಇಡೀ ಕಟ್ಟಡದ ಹೊರೆ ಅದನ್ನು ಉಳಿದ ಜಾಲಕ್ಕೆ ಸೇರಿಸುವ ಅಪ್‌ಲಿಂಕ್ ಮೇಲೆ ಬೀಳುತ್ತದೆ. ಒಂದಕ್ಕಿಂತ ಹೆಚ್ಚು ಕ್ವೆರಿಯರ್ ಇದ್ದಾಗಿನ ಸ್ಪರ್ಧೆಯಲ್ಲಿ ಕಡಿಮೆ ಐಪಿ ವಿಳಾಸದವರು ಗೆಲ್ಲುವುದರಿಂದ, ಆ ವಿಳಾಸ ಜಾಲದ ಕೇಂದ್ರದಲ್ಲಿರುವ ಕೋರ್ ಸ್ವಿಚ್‌ನದ್ದಾಗಿರಲಿ.

ಫಾಸ್ಟ್ ಲೀವ್ (ಗುಂಪು ಬಿಡುತ್ತೇನೆಂದು ಒಂದು ಯಂತ್ರ ಹೇಳಿದೊಡನೆ, ಬೇರೆಯವರನ್ನು ಕೇಳದೆ ಆ ಪೋರ್ಟನ್ನು ಪಟ್ಟಿಯಿಂದ ತೆಗೆಯುವ ಆಯ್ಕೆ) ಅನ್ನು ಒಂದೇ ಯಂತ್ರವಿರುವ ಪೋರ್ಟಿಗೆ ಮಾತ್ರ ಕೊಡಬೇಕು. ಹಿಂದೆ ಇನ್ನೊಂದು ಸಣ್ಣ ಸ್ವಿಚ್ ಇದ್ದರೆ, ಒಬ್ಬರು ವೀಕ್ಷಣೆ ಮುಗಿಸಿದ ಕೂಡಲೇ ಪಕ್ಕದವರ ಪರದೆಯೂ ನಿಂತು, ಮುಂದಿನ ಕ್ವೆರಿಯವರೆಗೆ ಹಾಗೆಯೇ ಉಳಿಯಬಹುದು.

ಗುಂಪಿನ ವಿಳಾಸ ಆರಿಸುವಾಗಲೂ ಎಚ್ಚರ ಬೇಕು. ಐಪಿ ಗುಂಪು ವಿಳಾಸದ ಕೊನೆಯ 23 ಬಿಟ್‌ಗಳಷ್ಟೇ ಮ್ಯಾಕ್ (ಜಾಲದ ಯಂತ್ರಾಂಶ ಮಟ್ಟದ) ವಿಳಾಸಕ್ಕೆ ಇಳಿಯುವುದರಿಂದ 239.128.0.251 ಮತ್ತು ಎಂಡಿಎನ್ಎಸ್ (ಸ್ಥಳೀಯ ಜಾಲದಲ್ಲಿ ಯಂತ್ರಗಳನ್ನು ಹೆಸರಿನಿಂದ ಹುಡುಕುವ ವ್ಯವಸ್ಥೆ) ಬಳಸುವ 224.0.0.251 ಎರಡಕ್ಕೂ ಒಂದೇ ಮ್ಯಾಕ್. 224.0.0 ಎಂದು ಆರಂಭವಾಗುವ ವಿಳಾಸಗಳನ್ನು ಸ್ವಿಚ್‌ಗಳು ಎಲ್ಲೆಡೆ ಹರಿಸುವುದು ವಾಡಿಕೆ. ಮ್ಯಾಕ್ ನೋಡಿ ನಿರ್ಧರಿಸುವ ಸ್ವಿಚ್‌ನಲ್ಲಿ ನಿಮ್ಮ ಕ್ಯಾಮೆರಾ ದೃಶ್ಯವೂ ಅದರೊಡನೆ ಹರಿಯುತ್ತದೆ.

ಪಟ್ಟಿಯಲ್ಲಿಲ್ಲದ ಮಲ್ಟಿಕಾಸ್ಟ್ ಅನ್ನು ತಡೆಯುವ ಆಯ್ಕೆ ಆಕರ್ಷಕವಾಗಿ ಕಾಣುತ್ತದೆ. ಆದರೆ ಐಪಿಯ ಹೊಸ ಆವೃತ್ತಿಯಾದ ಐಪಿವಿ6ನಲ್ಲಿ ನೆರೆಯ ಯಂತ್ರದ ಮ್ಯಾಕ್ ಪತ್ತೆಹಚ್ಚುವುದೇ ಮಲ್ಟಿಕಾಸ್ಟ್‌ನಿಂದ. ಎಂಎಲ್‌ಡಿ (ಐಪಿವಿ6ನಲ್ಲಿ ಐಜಿಎಂಪಿಯ ಕೆಲಸ ಮಾಡುವ ನಿಯಮಾವಳಿ) ಸ್ನೂಪಿಂಗ್ ಇಲ್ಲದ ಸ್ವಿಚ್‌ನಲ್ಲಿ ಆ ತಡೆ 33:33 ಎಂದು ಆರಂಭವಾಗುವ ಮ್ಯಾಕ್‌ಗಳಿಗೂ ಅನ್ವಯಿಸುವಂತಿದ್ದರೆ, ಕ್ಯಾಮೆರಾ ಸರಿಹೋಗಿ ಐಪಿವಿ6 ನಿಂತುಹೋಗುತ್ತದೆ.