ಡಿಸೈನ್ ಗೊತ್ತಿಲ್ಲದವರ ಜೊತೆ ಹೆಂಗೆ ಏಗ್ತೀಯಾ ಅಂತ ಕೇಳುವವರಿಗೆ

ನಾನು ಗಂಗಾವತಿಯಲ್ಲಿ ಅಕ್ಕಿ ಚೀಲಗಳ ಡಿಸೈನ್ ಮಾಡುತ್ತೇನೆ. ತುಂಗಭದ್ರಾ ಎಡದಂಡೆ ಕಾಲುವೆ ನೀರಿನ ಸೀಮೆ ಇದು. ಭತ್ತ ಜಾಸ್ತಿ, ಗಿರಣಿಗಳೂ ಜಾಸ್ತಿ. ಗಿರಣಿಯವರೇ ನನ್ನ ಗಿರಾಕಿಗಳು. ಬೆಂಗಳೂರಿನ ಡಿಸೈನರ್ ಗೆಳೆಯರಿಂದ ಹಿಡಿದು ಮದುವೆ ಮನೆಯಲ್ಲಿ ಸಿಗುವ ನೆಂಟರವರೆಗೆ ಎಲ್ಲರದೂ ಒಂದೇ ಪ್ರಶ್ನೆ: "ಡಿಸೈನ್ ಅಂದ್ರೆ ಏನು ಅಂತಾನೇ ಗೊತ್ತಿಲ್ಲದವರ ಜೊತೆ ಹೆಂಗೆ ಏಗ್ತೀಯಾ?" ಕೇಳುವಾಗ ಮುಖದಲ್ಲಿ ಮರುಕ ಬೇರೆ.

ಆ ಮರುಕ ನನಗೆ ಬೇಡ. ನಾನು ಯಾರ ಜೊತೆಗೂ ಏಗುತ್ತಿಲ್ಲ. ಅವರಿಲ್ಲದಿದ್ದರೆ ನನ್ನ ಕೆಲಸವೇ ನಡೆಯುವುದಿಲ್ಲ.

"ಹೆಸರು ದೊಡ್ಡದು ಮಾಡು, ಇನ್ನೂ ದೊಡ್ಡದು ಮಾಡು ಅಂತಾರೆ ಅಲ್ವಾ?" ಅಂತ ನಗುತ್ತಾರೆ. ಹೌದು, ಅಂತಾರೆ. ಯಾಕೆ ಅಂತ ಯಾವತ್ತಾದರೂ ಕಿರಾಣಿ ಅಂಗಡಿಗೆ ಹೋಗಿ ನೋಡಿದ್ದೀರಾ? ಚೀಲಗಳನ್ನು ಗೋಡೆಗೆ ಒಂದರ ಮೇಲೊಂದು ಒಟ್ಟಿರುತ್ತಾರೆ. ಕಾಣುವುದು ಬದಿ ಮಾತ್ರ. ಗಿರಾಕಿ ಕೌಂಟರಿನ ಈಚೆ ನಿಂತು ಅಲ್ಲಿಂದಲೇ ಹೆಸರು ಓದಬೇಕು. ಬಾಯಿ ಹೊಲಿದ ಮೇಲೆ ಚೀಲದ ಮೇಲಿನ ಪಟ್ಟಿ ಮಡಿಕೆಯೊಳಗೆ ಹೋಗುತ್ತದೆ. ಅಕ್ಕಿ ತುಂಬಿದರೆ ಹೊಟ್ಟೆ ಉಬ್ಬುತ್ತದೆ, ಚಿತ್ರದ ಅಂಚುಗಳು ಆಚೆ ತಿರುಗುತ್ತವೆ. ಇದೆಲ್ಲ ಕಂಪ್ಯೂಟರ್ ಮುಂದೆ ಕೂತವರಿಗೆ ಕಾಣುವುದಿಲ್ಲ. ದಿನವಿಡೀ ಚೀಲ ಹೊರುವ ಹಮಾಲರಿಗೆ ಕಾಣುತ್ತದೆ. ಅದಕ್ಕೇ ನಾನು ಡಿಸೈನನ್ನು ಚೀಲದ ಅಳತೆಗೇ ಪ್ರಿಂಟ್ ತೆಗೆಸಿ, ತುಂಬಿದ ಚೀಲಕ್ಕೆ ಸುತ್ತಿ, ಗೋದಾಮಿನಲ್ಲಿ ಇಟ್ಟು ಅವರನ್ನು ಕೇಳುತ್ತೇನೆ.

2022ರ ಜುಲೈ ನನಗೆ ಚೆನ್ನಾಗಿ ನೆನಪಿದೆ. ಆ ತಿಂಗಳ 18ರಿಂದ, ಪ್ಯಾಕ್ ಮಾಡಿ ಲೇಬಲ್ ಹಚ್ಚಿದ ಅಕ್ಕಿ 25 ಕೆಜಿವರೆಗೆ ಇದ್ದರೆ ಶೇ. 5 ಜಿಎಸ್‌ಟಿ ಅಂತಾಯಿತು. ಆ ತೆರಿಗೆ ತಪ್ಪಿಸಲು ಸ್ವಲ್ಪ ದಿನಕ್ಕೆ ಮಾರುಕಟ್ಟೆಗೆ 26 ಕೆಜಿ ಚೀಲಗಳು ಬಂದವು. ಹೊರಗಿನವರಿಗೆ ಇದು ಒಂದು ಅಂಕಿಯ ಬದಲಾವಣೆ ಅಷ್ಟೇ. ಆದರೆ ಈ ಚೀಲಗಳ ಮೇಲಿನ ಬಿಒಪಿಪಿ ಅನ್ನುವ ತೆಳು ಪ್ಲಾಸ್ಟಿಕ್ ಹಾಳೆಗೆ ಪ್ರಿಂಟ್ ಆಗುವುದು ಸಿಲಿಂಡರಿನಿಂದ, ಅಂದರೆ ಡಿಸೈನ್ ಕೆತ್ತಿದ ಲೋಹದ ಉರುಳೆಯಿಂದ. ಒಂದೊಂದು ಬಣ್ಣಕ್ಕೆ ಒಂದೊಂದು ಸಿಲಿಂಡರ್. ತಾಮ್ರದ ಮೇಲೆ ಕೆತ್ತಿ, ಅದರ ಮೇಲೆ ಕ್ರೋಮ್ ಲೇಪಿಸುತ್ತಾರೆ. ಕೆತ್ತಿದ ಮೇಲೆ ಅಳಿಸಿ ತಿದ್ದುವ ಮಾತಿಲ್ಲ. ಕೆಂಪು ಪಟ್ಟಿಯೊಳಗೆ ಹಳದಿ ಅಂಕಿ, ಸುತ್ತ ಕಪ್ಪು ಗೆರೆ ಇದ್ದರೆ ಆ ಮೂರೂ ಸಿಲಿಂಡರ್ ಹೊಸದಾಗಿ ಮಾಡಿಸಬೇಕು. ಖರ್ಚು ಸಣ್ಣದಲ್ಲ.

ಒಂದು ಗಿರಣಿಯಲ್ಲಿ ಇದೇ ಚರ್ಚೆ ನಡೆದಿತ್ತು. ಸಾವ್ಕಾರರು ತಲೆ ಮೇಲೆ ಕೈ ಹೊತ್ತು ಕೂತಿದ್ದರು. ಮೂಲೆಯಲ್ಲಿ ಲೆಕ್ಕ ಬರೆಯುತ್ತಿದ್ದ ವಯಸ್ಸಾದ ಗುಮಾಸ್ತರು ಪೆನ್ನು ಕೆಳಗಿಟ್ಟು ಕೇಳಿದರು: "ಯವ್ವಾ, ಬದಲಾಗೋದನ್ನೆಲ್ಲ ಒಂದೇ ಬಣ್ಣದಾಗ ಇಟ್ರ ಒಂದೇ ಸಿಲಿಂಡರಿಗೆ ಮುಗೀತದಲ್ಲ?"

ಮುಗಿಯುತ್ತದೆ. ಅವತ್ತಿನಿಂದ ತೂಕ, ಎಫ್‌ಎಸ್‌ಎಸ್‌ಎಐ (ಆಹಾರ ಸುರಕ್ಷತಾ ಪ್ರಾಧಿಕಾರ) ಲೈಸೆನ್ಸಿನ 14 ಅಂಕಿ, ವಿಳಾಸ, ಗ್ರಾಹಕರು ದೂರು ಹೇಳುವ ಫೋನ್ ನಂಬರ್ ಎಲ್ಲವನ್ನೂ ಖಾಲಿ ಜಾಗದಲ್ಲಿ ಬರೀ ಕಪ್ಪಿನಲ್ಲಿ ಇಡುತ್ತೇನೆ. ಸರ್ಕಾರದ ನಿಯಮ ಬದಲಾದರೂ, ಗಿರಣಿ ವಿಳಾಸ ಬದಲಾದರೂ ಉಳಿದ ಸಿಲಿಂಡರ್ ಮುಟ್ಟಬೇಕಿಲ್ಲ. ನನ್ನ ಇಡೀ ಕಸುಬಿನಲ್ಲಿ ಇದಕ್ಕಿಂತ ಒಳ್ಳೆಯ ಡಿಸೈನ್ ಸಲಹೆ ನನಗೆ ಸಿಕ್ಕಿಲ್ಲ. ಈಗ ಹೇಳಿ, ಆ ಹಿರಿಯರನ್ನು ಡಿಸೈನ್ ಗೊತ್ತಿಲ್ಲದವರು ಅಂತ ಹೇಗೆ ಕರೆಯಲಿ?

ಹಾಗಂತ ಕಷ್ಟವೇ ಇಲ್ಲ ಅಂತಲ್ಲ. ಇದೆ. ಅದರ ಬಗ್ಗೆ ಮಾತ್ರ ಯಾರೂ ಕೇಳುವುದಿಲ್ಲ. ನೀವು ಕೇಳಬೇಕಾದದ್ದು ಇದು: ಕೊನೆಯ ಹೂಂ ಯಾರದು?

ನಮ್ಮಲ್ಲಿ ಗಿರಣಿ ಅಂದರೆ ಮನೆ. ಅಣ್ಣ ತಮ್ಮಂದಿರು, ಮಕ್ಕಳು, ಊರೂರಿನ ಡೀಲರುಗಳು. ಕಿರಿಯವನು ವಾಟ್ಸ್ಆಪ್‌ನಲ್ಲಿ ನೋಡಿ ಓಕೆ ಅನ್ನುತ್ತಾನೆ. ಮೊಬೈಲಿನಲ್ಲಿ ಕಂಡ ಹಸಿರು ಚೀಲದ ಮೇಲೆ ಅದೇ ಹಸಿರಾಗಿ ಬರುವುದಿಲ್ಲ, ಅದು ಬೇರೆ ಮಾತು. ಆ ಓಕೆ ನಂಬಿ ಫೈಲ್ ಕಳಿಸಿದರೆ ಮುಗಿಯಿತು, ಮರುದಿನ ದೊಡ್ಡವರು ಬೇಡ ಅನ್ನುತ್ತಾರೆ. ಒಂದು ಮನೆಯಲ್ಲಿ ಗಂಡಸರೆಲ್ಲ ಸೇರಿ ಚೀಲದ ಮೇಲೆ ದೇವರ ಫೋಟೋ ಬೇಕು ಅಂತ ತೀರ್ಮಾನಿಸಿದ್ದರು. ನಾನು ಪ್ರಿಂಟನ್ನು ಮನೆಗೇ ಒಯ್ದಿದ್ದೆ. ಅಡುಗೆಮನೆಯಿಂದ ಬಂದ ಅಜ್ಜಿ ಕನ್ನಡಕ ಹಾಕಿಕೊಂಡು ಬಗ್ಗಿ ನೋಡಿದರು. "ಖಾಲಿ ಚೀಲ ಬಾಗ್ಲಾಗ ಕಾಲೊರಸಾಕ ಹಾಕ್ತಾರ. ದೇವ್ರು ಬ್ಯಾಡ, ತೆನಿ ಹಾಕ್ರಿ" ಅಂದರು. ಅಲ್ಲಿಗೆ ಮಾತು ಮುಗಿಯಿತು, ಭತ್ತದ ತೆನೆ ಬಂತು. ಚೀಲದ ಪೂರ್ತಿ ಆಯುಷ್ಯ ಯೋಚನೆ ಮಾಡಿದವರು ಆ ಮನೆಯಲ್ಲಿ ಅವರೊಬ್ಬರೇ.

ಹಾಗಾಗಿ ಹೊಸ ಗಿರಣಿಗೆ ಹೋದರೆ ನಾನು ಬಣ್ಣದ ಮಾತು ಮೊದಲು ಎತ್ತುವುದಿಲ್ಲ. ಯಾರ್ಯಾರು ನೋಡಬೇಕು, ಯಾರು ಬೇಡ ಅಂದರೆ ನಿಲ್ಲುತ್ತದೆ ಅಂತ ಕೇಳಿ ಬರೆದುಕೊಳ್ಳುತ್ತೇನೆ. ಮಾಲೀಕರು, ಲೆಕ್ಕದವರು, ಚೀಲ ಹೊಲಿಯುವವರು, ಮನೆಯ ಹಿರಿಯರು. ಇವರೆಲ್ಲ ಪೂರ್ತಿ ಅಳತೆಯ ಪ್ರಿಂಟ್ ನೋಡಿ ಅದರ ಹಿಂದೆ ಸಹಿ ಹಾಕಬೇಕು. ಸಹಿ ಬೀಳದೆ ಫೈಲ್ ಸಿಲಿಂಡರ್ ಮಾಡುವವರಿಗೆ ಹೋಗುವುದಿಲ್ಲ. ಸುಗ್ಗಿ ಹತ್ತಿರ ಬಂತು, ಬೇಗ ಕಳಿಸಿ ಅಂತ ಸಾವ್ಕಾರರು ಎಷ್ಟೇ ಅವಸರ ಮಾಡಲಿ, ಹೋಗುವುದಿಲ್ಲ.