ಮಂಡಕ್ಕಿ ಭಟ್ಟಿಗೆ ಟೇಪ್ ಹಿಡ್ಕೊಂಡು ಹೋದ್ಮೇಲೆ ಲೆನ್ಸ್ ಯಾವ್ದು ಅಂತ ಗೊತ್ತಾಯ್ತು

ದಾವಣಗೆರೆಲಿ ಸ್ಟುಡಿಯೋ ಇಟ್ಕೊಂಡು ಹತ್ತೊಂಬತ್ತು ವರ್ಷ ಆಯ್ತು. ಮದುವೆ, ನಾಮಕರಣ, ಗೃಹಪ್ರವೇಶ ಎಲ್ಲ ಡಿಜಿಟಲ್‌ನಲ್ಲೇ ಮಾಡ್ತೀನಿ, ಆದ್ರೆ ಫಿಲ್ಮ್ ಬಿಡೋಕೆ ಮನಸಾಗ್ಲಿಲ್ಲ, ಹಾಗಾಗಿ 2012ರಲ್ಲಿ ಸೆಕೆಂಡ್ ಹ್ಯಾಂಡ್ ಬೆಸ್ಸಾ ಆರ್2ಎ ತಗೊಂಡೆ. ರೇಂಜ್‌ಫೈಂಡರ್ ಕ್ಯಾಮೆರಾ ಅದು. ಮುಟ್ಟದೇ ಇರೋರಿಗೆ ಒಂದ್ಮಾತು ಹೇಳ್ಬಿಡ್ತೀನಿ: ಇದ್ರಲ್ಲಿ ಲೆನ್ಸ್ ಒಳಗಿಂದ ನೋಡಲ್ಲ, ಪಕ್ಕದಲ್ಲಿರೋ ಕಿಟಕಿಯಿಂದ ನೋಡ್ತೀವಿ, ನಡುವೆ ಒಂದು ಸಣ್ಣ ಚೌಕದಲ್ಲಿ ಎರಡೆರಡಾಗಿ ಕಾಣೋ ಚಿತ್ರ ಫೋಕಸ್ ರಿಂಗ್ ತಿರುಗಿಸಿದಾಗ ಒಂದಾದ್ರೆ ಫೋಕಸ್ ಆಯ್ತು ಅಂತ. ಲೆನ್ಸ್ ಎಷ್ಟು ನೋಡುತ್ತೆ ಅನ್ನೋದಕ್ಕೆ ಕಿಟಕಿ ಒಳಗೆ ಬಿಳಿ ಗೆರೆಗಳು ಇರ್ತವೆ. ನನ್ನ ಕ್ಯಾಮೆರಾದಲ್ಲಿ 35, 50, 75, 90ಕ್ಕೆ ಗೆರೆ ಐತೆ, ಇವು ಲೆನ್ಸಿನ ಎಂಎಂ ನಂಬರು, ಕಮ್ಮಿ ಆದಷ್ಟೂ ಅಗಲ ಕಾಣುತ್ತೆ. 35ಕ್ಕಿಂತ ಅಗಲ ನೋಡೋ ಲೆನ್ಸಿಗೆ ಇಲ್ಲ. ಈ ಒಂದು ಸಂಗತಿನ ನಾನು ಲೆನ್ಸ್ ತಗೊಳ್ಳೋವಾಗ ಲೆಕ್ಕಕ್ಕೇ ಇಟ್ಕೊಳ್ಳಲಿಲ್ಲ.

ಆವಾಗ ಬೆಂಗಳೂರಿನ ಒಂದು ಸಂಸ್ಥೆಯವ್ರು ನಮ್ಮೂರಿನ ಮಂಡಕ್ಕಿ ಭಟ್ಟಿಗಳ ಕಪ್ಪುಬಿಳುಪು ಫೋಟೋ ಬೇಕು, ಫಿಲ್ಮ್‌ನಲ್ಲೇ ತೆಗೀಬೇಕು ಅಂತ ಕೇಳಿದ್ರು. ಖುಷಿಯಾಯ್ತು. ಭಟ್ಟಿ ಅಂದ್ರೆ ಇಕ್ಕಟ್ಟು ಜಾಗ, ಕತ್ತಲೆ, ಹೊಗೆ, ಹಂಗಾದ್ರೆ ವೈಡ್, ಅಂದ್ರೆ ಅಗಲ ನೋಡೋ ಲೆನ್ಸ್, ಬೇಕೇ ಬೇಕು ಅಂತ ನಾನೇ ತೀರ್ಮಾನ ಮಾಡ್ಕೊಂಡು 25 ಎಂಎಂ ಎಫ್4 ಫೋಗ್ಟ್‌ಲೆಂಡರ್ ಸ್ನ್ಯಾಪ್‌ಶಾಟ್-ಸ್ಕೋಪಾರ್ ತರಿಸಿದೆ. ಎಫ್4 ಅನ್ನೋದು ಲೆನ್ಸ್ ಎಷ್ಟು ತೆರೆಯುತ್ತೆ ಅನ್ನೋ ಲೆಕ್ಕ, ನಂಬರ್ ಕಮ್ಮಿ ಆದಷ್ಟೂ ಬೆಳಕು ಜಾಸ್ತಿ. ಲೆನ್ಸ್ ಹಳೇ ಮಾಡೆಲ್, ತಿರುಗಿಸಿ ಕೂರಿಸೋ ಸ್ಕ್ರೂ ಥ್ರೆಡ್ಡಿಂದು. ಥ್ರೆಡ್ ಲೆನ್ಸಿಗೆ ಮೌಂಟಿಂದ, ಅಂದ್ರೆ ಲೆನ್ಸ್ ಕೂರೋ ಜಾಗದಿಂದ, ಫಿಲ್ಮ್‌ವರೆಗೆ 28.8 ಮಿಮೀ ಬೇಕು, ನನ್ನ ಕ್ಯಾಮೆರಾದ ಎಂ ಮೌಂಟಲ್ಲಿ 27.8 ಇರುತ್ತೆ, ಆ 1 ಮಿಮೀ ತುಂಬೋಕೆ ಮಧ್ಯೆ ಒಂದು ರಿಂಗ್ ಹಾಕಿದ್ರೆ ಸರಿಯಾಗಿ ಕೂರುತ್ತೆ, ಅದ್ರಲ್ಲಿ ತೊಂದ್ರೆ ಇಲ್ಲ. ತೊಂದ್ರೆ ಇರೋದು ಬೇರೆ ಕಡೆ. ಈ ಲೆನ್ಸು ರೇಂಜ್‌ಫೈಂಡರಿಗೆ ಕನೆಕ್ಟ್ ಆಗಲ್ಲ, ಫೋಕಸ್ ರಿಂಗ್ ಎಷ್ಟು ತಿರುಗಿಸಿದ್ರೂ ಆ ಎರಡು ಚಿತ್ರ ಒಂದಾಗಲ್ಲ, ದೂರನ ಕಣ್ಣಂದಾಜಲ್ಲೇ ಇಡ್ಬೇಕು. ಕಿಟಕಿಲಿ 25ರ ಗೆರೆನೂ ಇಲ್ಲ, ಅದಕ್ಕೆ ಕ್ಯಾಮೆರಾ ತಲೆ ಮೇಲೆ ಫ್ಲ್ಯಾಶ್ ಕೂರಿಸೋ ಜಾಗದಲ್ಲಿ ಬೇರೆ ವ್ಯೂಫೈಂಡರ್ ಸಿಕ್ಕಿಸ್ಕೋಬೇಕು.

ಭಟ್ಟಿ ಒಳಗೆ ಹೋಗಿದ್ದು ಬೆಳಗಿನ ಜಾವ. ಹೊಟ್ಟಿನ ಬೆಂಕಿ, ಮೇಲೆ ದೊಡ್ಡ ಬಾಣಲಿ, ಅದ್ರಲ್ಲಿ ಕಾದ ಉಸುಕು. ಅಕ್ಕಿ ಹಾಕಿ ತಿರುವಿದ ಕೂಡ್ಲೇ ಚಟಚಟ ಅಂತ ಉಬ್ಬಿ ಮೇಲೆ ಬರುತ್ತೆ, ತಕ್ಷಣ ಜರಡಿಗೆ ಹಾಕಿ ಉಸುಕು ಕೆಳಗಿಳಿಸ್ತಾರೆ, ಒಂದು ಗಳಿಗೆ ತಡ ಆದ್ರೂ ಕಂದು ಬಣ್ಣಕ್ಕೆ ತಿರುಗುತ್ತೆ. ಗೋಡೆ ಎಲ್ಲ ಮಸಿ. 400ರ ಫಿಲ್ಮನ್ನ 1600ಕ್ಕೆ ಪುಶ್ ಮಾಡೋ, ಅಂದ್ರೆ ಕಮ್ಮಿ ಬೆಳಕಲ್ಲಿ ತೆಗೆದು ಆಮೇಲೆ ಜಾಸ್ತಿ ಹೊತ್ತು ಡೆವಲಪ್ ಮಾಡೋ ಲೆಕ್ಕದಲ್ಲಿದ್ದೆ, ಆದ್ರೂ ಎಫ್4ಗೆ ಶಟರ್ 1/15 ಸೆಕೆಂಡಿಗಿಂತ ಬೇಗ ಹೋಗ್ತಿರ್ಲಿಲ್ಲ. ಲೆನ್ಸ್ 3 ಮೀಟರಿಗೆ ಇಟ್ಟು ಮೇಲಿನ ಫೈಂಡರಲ್ಲಿ ನೋಡ್ತಾ ನಿಂತ್ರೆ, ಬಾಣಲಿ ಮುಂದೆ ಕೂತ ಚಾಚಾ ನಡುವೆ ಇಷ್ಟೇ ಇಷ್ಟು ಕಾಣ್ತಾರೆ, ಸುತ್ತ ಗೋಣಿಚೀಲ, ಪ್ಲಾಸ್ಟಿಕ್ ಕೊಡ, ಟ್ಯೂಬ್‌ಲೈಟು, ಬಾಗಿಲಲ್ಲಿ ನಿಂತಿರೋ ನನ್ನ ಹೆಲ್ಪರ್ ಕಾಲು, ಎಲ್ಲಾನೂ ಬಂದ್ಬಿಡುತ್ತೆ. ಅದನ್ನೆಲ್ಲ ಬಿಡ್ಬೇಕಂದ್ರೆ ಮುಂದೆ ಹೋಗ್ಬೇಕು. ಹೋದೆ.

"ಅಣ್ಣಾ, ಇನ್ನೂ ಹತ್ರ ಬರಬೇಡ್ರಿ, ಉಸುಕು ಸಿಡಿತೈತೆ" ಅಂದ್ರು ಚಾಚಾ.

"ಇಲ್ಲ ಚಾಚಾ, ಇಲ್ಲೇ ನಿಂತ್ಕಂತೀನಿ, ನೀವು ಮಾಡ್ರಿ" ಅಂತ 4 ಅಡಿ ದೂರದಲ್ಲಿ ನಿಂತು ಎರಡು ರೋಲ್ ಮುಗಿಸಿದೆ. ಫೋಕಸ್ ರಿಂಗು ಮಾತ್ರ 3 ಮೀಟರಲ್ಲೇ ಇತ್ತು. ಮೇಲಿನ ಫೈಂಡರಲ್ಲಿ ಎಲ್ಲಾನೂ ಕ್ಲಿಯರಾಗೇ ಕಾಣುತ್ತೆ, ಅದು ಬರೀ ಗಾಜಿನ ಕಿಟಕಿ, ಫೋಕಸ್ ತಪ್ಪಿದ್ರೆ ಅದು ಹೇಳಲ್ಲ.

ಡೆವಲಪ್ ಮಾಡಿ ಕಾಂಟ್ಯಾಕ್ಟ್ ಶೀಟ್ (ರೋಲಿನ ಎಲ್ಲಾ ಫ್ರೇಮು ಸಣ್ಣದಾಗಿ ಇರೋ ಹಾಳೆ) ಮೇಲೆ ಲೂಪ್, ಅಂದ್ರೆ ಭೂತಗನ್ನಡಿ, ಇಟ್ಟಾಗ ಹೊಟ್ಟೆ ತಳಮಳ ಅಂತು. ಚಾಚಾ ಹಿಂದಿನ ಮಸಿ ಗೋಡೆ ಶಾರ್ಪು, ಗೋಡೆಗೆ ಹೊಡೆದ ಮೊಳೆ ಶಾರ್ಪು, ಚಾಚಾ ಮುಖ ಮೆತ್ತಗೆ. ಲೆಕ್ಕ ಹಾಕಿ ನೋಡಿದೆ: 25 ಎಂಎಂ ಲೆನ್ಸ್ ಎಫ್4ಲ್ಲಿ 3 ಮೀಟರಿಗೆ ಇಟ್ರೆ ಸುಮಾರು 1.9 ಮೀಟರಿಂದ ಆಚೆಗೆ ಮಾತ್ರ ಶಾರ್ಪ್ ಬರುತ್ತೆ. ನಾನು ನಿಂತಿದ್ದು 1.2 ಮೀಟರಲ್ಲಿ. ವೈಡ್ ಅಂದ್ರೆ ಎಲ್ಲಾ ಫೋಕಸ್ಸಲ್ಲೇ ಇರುತ್ತೆ ಅನ್ನೋ ಮಾತು ಬಿಸಿಲಲ್ಲಿ ಎಫ್8, ಎಫ್11 ಇಟ್ಟಾಗ ನಿಜ, ಕತ್ತಲಲ್ಲಿ ಲೆನ್ಸ್ ಪೂರ್ತಿ ತೆರೆದಾಗ ನಿಜ ಅಲ್ಲ. ಇನ್ನೊಂದು ನಷ್ಟ, ಮೇಲಿನ ಫೈಂಡರು ಲೆನ್ಸಿಗಿಂತ ಎತ್ತರದಲ್ಲಿರೋದ್ರಿಂದ ಹತ್ರದ ಫೋಟೋದಲ್ಲಿ ಅದು ತೋರಿಸಿದ್ದಕ್ಕಿಂತ ಕೆಳಗಿನ ಭಾಗ ಬರುತ್ತೆ, ನಾಕೈದು ಫ್ರೇಮಲ್ಲಿ ಚಾಚಾ ಟೋಪಿ ಅರ್ಧ ಹೋಗಿತ್ತು. ಒಳಗಿನ ಗೆರೆಗಳಾದ್ರೆ ಫೋಕಸ್ ಜೊತೆಗೇ ಸರಿದು ಇದನ್ನ ಸರಿ ಮಾಡ್ಕೊಳ್ತವೆ.

ಸಂಸ್ಥೆಯವ್ರಿಗೆ ಫೋನ್ ಮಾಡಿ ಹಿಂಗಾಗಿದೆ, ಒಂದು ವಾರ ಟೈಮ್ ಕೊಡ್ರಿ ಅಂದೆ, ಕೊಟ್ರು. ಆಮೇಲೆ ನಾನು ಮಾಡಿದ್ದು ಲೆನ್ಸ್ ಹುಡುಕೋ ಕೆಲ್ಸ ಅಲ್ಲ. ಬಡಗಿ ಕಡೆಯಿಂದ ಅಳತೆ ಟೇಪ್ ಇಸ್ಕೊಂಡು ಭಟ್ಟಿಗೆ ಹೋದೆ. ಚಾಚಾ ಎದುರಿನ ಗೋಡೆಗೆ ಬೆನ್ನು ಕೊಟ್ಟು ನಿಂತ್ರೆ ಬಾಣಲಿವರೆಗೆ 7 ಅಡಿ. ಫೋಟೋಲಿ ನನಗೆ ಬೇಕಾಗಿದ್ದು ಚಾಚಾ, ಬಾಣಲಿ, ಒಲೆ ಬಾಯಿ, ಪಕ್ಕದ ಜರಡಿ, ಇಷ್ಟೂ ಸೇರಿ 6 ಅಡಿ ಅಗಲ.

ಈಗ ಒಂದು ಲೆಕ್ಕ ಹೇಳ್ತೀನಿ, ಇದು ನನಗೆ ಯಾರಾದ್ರೂ ಮೊದ್ಲೇ ಹೇಳಿದ್ರೆ ಎಷ್ಟೋ ದುಡ್ಡು ಉಳಿತಿತ್ತು. 35 ಎಂಎಂ ಫಿಲ್ಮಿನ ಫ್ರೇಮು 36 ಮಿಮೀ ಅಗಲ. ಹಾಗಾಗಿ 35 ಎಂಎಂ ಲೆನ್ಸಲ್ಲಿ ಎಷ್ಟು ದೂರ ನಿಂತಿರ್ತೀರೋ ಹೆಚ್ಚೂಕಮ್ಮಿ ಅಷ್ಟೇ ಅಗಲ ಕಾಣುತ್ತೆ, 7 ಅಡಿಗೆ 7 ಅಡಿ. 28ರಲ್ಲಿ 7 ಅಡಿಗೆ 9 ಅಡಿ. 25ರಲ್ಲಿ 10 ಅಡಿ. 21ರಲ್ಲಿ 12 ಅಡಿ. ನನಗೆ ಬೇಕಾಗಿದ್ದು 6, ಅಂದ್ರೆ 35 ಸಾಕಾಗಿ ಮೇಲೆ ಒಂದಡಿ ಉಳಿಯುತ್ತೆ, ಅದಕ್ಕೆ ಕ್ಯಾಮೆರಾದಲ್ಲೇ ಗೆರೆ ಐತೆ, ಫೋಕಸ್ಸೂ ಆ ಚೌಕದಲ್ಲೇ ಆಗುತ್ತೆ. ಇಕ್ಕಟ್ಟು ಅಂತ ನನ್ನ ತಲೇಲಿ ಇತ್ತೇ ಹೊರತು ಟೇಪಲ್ಲಿ ಇರ್ಲಿಲ್ಲ.

ಫೋಗ್ಟ್‌ಲೆಂಡರ್ ನಾಕ್ಟನ್ 35 ಎಫ್1.4 ತಗೊಂಡೆ. ಜೈಸ್ ಬಯೋಗಾನ್ 35 ಎಫ್2 ಗೆರೆಗಳನ್ನ ಇನ್ನೂ ನೇರ ಇಡುತ್ತೆ, ನಾಕ್ಟನಲ್ಲಿ ಬಾಗಿಲು, ಕಂಬ ಅಂಚಿಗೆ ಬಂದ್ರೆ ಸ್ವಲ್ಪ ಉಬ್ಬಿದಂಗೆ ಕಾಣ್ತವೆ, ಕಟ್ಟಡದ ಫೋಟೋಗ್ರಫಿ ಮಾಡೋರು ಬಯೋಗಾನೇ ತಗೊಳ್ಳಿ. ಭಟ್ಟಿಲಿ ನೇರ ಗೆರೆ ಎಲ್ಲೈತೆ, ನನಗೆ ಬೆಳಕು ಮುಖ್ಯ ಆಗಿತ್ತು. ಎಫ್2ಗೆ ಇಟ್ರೂ ಶಟರ್ 1/60 ಬಂತು. 2 ಮೀಟರಲ್ಲಿ ಎಫ್2ಗೆ ಸುಮಾರು 40 ಸೆಂಟಿಮೀಟರ್ ಶಾರ್ಪ್ ಇರುತ್ತೆ, ಚಾಚಾ ಬಗ್ಗಿ ತಿರುವಿ ಮತ್ತೆ ನೆಟ್ಟಗಾಗೋಕೆ ಅಷ್ಟು ಸಾಕು.

ಬೇರೆ ಕ್ಯಾಮೆರಾ ಇರೋರಿಗೆ ಲೆಕ್ಕ ಬೇರೆ ಆಗುತ್ತೆ. 1954ರ ಲೈಕಾ ಎಂ3ಲಿ 50ರಿಂದ ಗೆರೆ ಶುರು, ಅದಕ್ಕೆ 35 ಹಾಕೋರಿಗೇನೇ ಬೇರೆ ವ್ಯವಸ್ಥೆ ಬೇಕು. 1984ರ ಎಂ6ಲ್ಲಿ 28ಕ್ಕೂ ಗೆರೆ ಐತೆ, ಆದ್ರೆ ಕನ್ನಡಕ ಹಾಕೋರಿಗೆ ಆ 28ರ ಗೆರೆಯ ಅಂಚು ಪೂರ್ತಿ ಕಾಣೋದು ಕಷ್ಟ. ಬೆಸ್ಸಾ ಆರ್4ಎ, ಆರ್4ಎಂಗಳಲ್ಲಿ 21ರಿಂದಲೇ ಗೆರೆ ಕೊಟ್ಟಿದ್ದಾರೆ, ವೈಡ್ ಲೆನ್ಸೇ ಜಾಸ್ತಿ ಬಳಸೋರಿಗೆ ಅದು ಹೇಳಿ ಮಾಡಿಸಿದ್ದು. ಡಿಜಿಟಲ್ ಬಾಡಿಗೆ ಹಳೇ ವೈಡ್ ಹಾಕೋರು ಅಂಚಲ್ಲಿ ನೇರಳೆ ಬಣ್ಣ ಬರುತ್ತಾ ಅಂತ ಮೊದ್ಲು ಟೆಸ್ಟ್ ಮಾಡ್ರಿ. ರೇಂಜ್‌ಫೈಂಡರ್ ಕ್ಯಾಮೆರಾದಲ್ಲಿ ಲೆನ್ಸ್ ಹಿಂದೆ ಕನ್ನಡಿ ಇಲ್ಲದೇ ಇರೋದ್ರಿಂದ ಈ ಲೆನ್ಸ್‌ಗಳ ಹಿಂಭಾಗ ಫಿಲ್ಮಿಗೆ ತೀರಾ ಹತ್ರ ಕೂರುತ್ತೆ, ಬೆಳಕು ಅಂಚಿಗೆ ಓರೆಯಾಗಿ ಬೀಳುತ್ತೆ, ಫಿಲ್ಮಿಗೆ ಅದು ಪರವಾಗಿಲ್ಲ, ಸೆನ್ಸರ್‌ಗೆ ಆಗಲ್ಲ.

25ನ ಮಾರಿಲ್ಲ. ಅದ್ರ ಜಾಗ ಚಿತ್ರದುರ್ಗದಲ್ಲಿ ಸಿಕ್ತು. ಕೋಟೆಗೆ ಹೋದೋರೆಲ್ಲ ಬೆಟ್ಟ ದೊಡ್ಡದು ಅಂತ ವೈಡ್ ಹಾಕ್ತಾರೆ, ನಾನೂ ಹಾಕಿದ್ದೆ, ಅಷ್ಟು ದೊಡ್ಡ ಬಂಡೆಗಳು ಫೋಟೋಲಿ ಬೆಣಚುಕಲ್ಲಿನಂಗೆ ಕಂಡ್ವು, ಅರ್ಧ ಫ್ರೇಮ್ ಬರೀ ಆಕಾಶ. ದೂರದ ಬುರುಜಿಗೆ 50 ಹಾಕಿದ್ರೇನೇ ಆ ಗಾತ್ರ ಗೊತ್ತಾಗೋದು. ಆದ್ರೆ ಓಬವ್ವನ ಕಿಂಡಿ ಹತ್ರ ಹಿಂದೆ ಸರಿಯೋಕೆ ಜಾಗ ನಿಜವಾಗ್ಲೂ ಇಲ್ಲ. ಅಲ್ಲಿ 25ನ ಎಫ್8ಗೆ, ಫೋಕಸ್ಸನ್ನ ಎರಡೂವರೆ ಮೀಟರ್ ಆಸುಪಾಸಿಗೆ ಇಟ್ರೆ ಸುಮಾರು 1.3 ಮೀಟರಿಂದ ಕಣ್ಣು ಹೋದಷ್ಟು ದೂರ ಎಲ್ಲಾ ಶಾರ್ಪ್. ಕಲ್ಲಿನ ಮೈಮೇಲಿನ ಉಳಿ ಗುರುತೂ ಬರುತ್ತೆ, ಅದ್ರೊಳಗಿಂದ ಬಗ್ಗಿ ಬರೋ ಮನುಷ್ಯನೂ ಬರ್ತಾನೆ. ಮನುಷ್ಯನ್ನ ಮಾತ್ರ ನಡುವೆ ಇಡ್ರಿ, ಅಂಚಿಗೆ ಹೋದ್ರೆ ಮುಖ ಎಳೆದಂಗೆ ಅಗಲ ಆಗುತ್ತೆ, ಅದು ಲೆನ್ಸಿನ ದೋಷ ಅಲ್ಲ, ಅಷ್ಟು ಅಗಲದ ನೋಟನ ಚಪ್ಪಟೆ ಫಿಲ್ಮ್ ಮೇಲೆ ಇಳಿಸಿದ್ರೆ ಹಂಗೇ ಆಗೋದು.

ಯಾವ ಲೆನ್ಸ್ ತಗೊಳ್ಳಿ ಅಂತ ಹುಡುಗ್ರು ಸ್ಟುಡಿಯೋಗೆ ಬಂದು ಕೇಳಿದ್ರೆ ಈಗ ಮೊದ್ಲು ಕೇಳೋದು, ಎಲ್ಲಿ ನಿಂತು ಏನು ತೆಗೀತೀಯಪ್ಪ, ಎಷ್ಟು ಅಡಿ ದೂರ, ಎಷ್ಟು ಅಗಲ ಬೇಕು ಅಂತ. ಟೇಪ್ ಇಲ್ಲ ಅಂದ್ರೆ ಫೋನಾದ್ರೂ ಹಿಡ್ದು ನೋಡು ಅಂತೀನಿ, ಸುಮಾರು ಫೋನ್‌ಗಳ ಮೇನ್ ಕ್ಯಾಮೆರಾ 24-26 ಎಂಎಂ ಲೆಕ್ಕದ್ದು, ಅದ್ರಲ್ಲೇ ಬೇಡದ್ದೆಲ್ಲ ಬರ್ತಾ ಇದ್ರೆ 25 ನಿನಗೆ ಬೇಡ.

ಎರಡನೇ ಸಲ ತೆಗೆದ ರೋಲಲ್ಲಿ ಹದಿನೇಳನೇ ಫ್ರೇಮ್, ಚಾಚಾ ಜರಡಿ ಎತ್ತಿದಾರೆ, ಕೆಳಗೆ ಉಸುಕು ಪರದೆ ತರ ಇಳೀತಿದೆ, ಮೇಲೆ ಮಂಡಕ್ಕಿ ಬೆಳ್ಳಗೆ, ಒಲೆ ಬೆಳಕು ಗದ್ದದ ಮೇಲೆ ಬಿದ್ದು ಬಿಳಿ ಗಡ್ಡದ ಒಂದೊಂದು ಕೂದಲೂ ಎಣಿಸೋ ಹಂಗೈತೆ. ದೊಡ್ಡ ಪ್ರಿಂಟ್ ಹಾಕಿ ಭಟ್ಟಿಗೆ ಕೊಟ್ಬಂದೆ, ಮಸಿ ಹಿಡೀಬಾರ್ದು ಅಂತ ಚಾಚಾ ಅದನ್ನ ಮನೇಲಿ ಹಾಕ್ಕೊಂಡಿದಾರೆ.