ಬೈಪಾಸ್‌ನ ಹಿಂದಿನ ಸಂಜೆ

ಫಾದರ್ ಆಸ್ಪತ್ರೆಗೆ ಬರುತ್ತಾರೆ ಅಂದಕೂಡಲೇ ಅವ್ವ ಮಾರಿ ಗೋಡೆಕಡೆ ತಿರುಗಿಸಿದಳು. "ನಾ ಏನ್ ಸಾಯ್ಲಾಕ್ ಹತ್ತೀನಾ? ಡಾಕ್ಟರ್ ನಿನಗ ಏನರ ಹೇಳ್ಯಾರೇನು?"

ಅವಳು ಕಂಡಿದ್ದು ಅದನ್ನೇ. ಮುತ್ಯಾನಿಗೆ ಎಚ್ಚರ ತಪ್ಪಿದ ಮೇಲೆ ಫಾದರ್‌ನ ಕರೆಸಿದ್ದರು. ಎಣ್ಣೆ ಹಚ್ಚಿದರು, ರಾತ್ರಿ ಮುತ್ಯಾ ತೀರಿಹೋದರು. ಫಾದರ್ ರೋಗಿಗೆ ಪವಿತ್ರ ಎಣ್ಣೆ ಹಚ್ಚಿ ಪ್ರಾರ್ಥಿಸುವ ಈ ಕ್ಯಾಥೋಲಿಕ್ ಸಂಸ್ಕಾರಕ್ಕೆ ರೋಗಿಗಳ ಅಭ್ಯಂಗ ಅಂತ ಹೆಸರು. ಅದು ಸಾಯುವವರಿಗೆ ಹಚ್ಚುವ ಕೊನೆಯ ಎಣ್ಣೆ ಅಂತ ನಮ್ಮ ಬಳಗದಲ್ಲಿ ಇಂದಿಗೂ ನಂಬುತ್ತಾರೆ. ಕಾಯಿಲೆಯಿಂದಲೋ ಮುಪ್ಪಿನಿಂದಲೋ ಜೀವಕ್ಕೆ ಅಪಾಯ ಶುರುವಾದಾಗಲೇ ಇದನ್ನು ಕೊಡಬೇಕೆಂದು ಜಗತ್ತಿನ ಕ್ಯಾಥೋಲಿಕ್ ಧರ್ಮಾಧ್ಯಕ್ಷರು (ಬಿಷಪ್‌ಗಳು) ಸೇರಿದ್ದ ಎರಡನೇ ವ್ಯಾಟಿಕನ್ ಮಹಾಸಭೆ 1963ರಲ್ಲೇ ಹೇಳಿತ್ತು. 1972ರಲ್ಲಿ ಪೋಪ್ ಆರನೇ ಪೌಲ್ ವಿಧಿಯನ್ನೂ ಹೊಸದು ಮಾಡಿದರು. ಆ ಮಾತು ಇನ್ನೂ ನಮ್ಮ ರೋಗಿಗಳ ಮಂಚದ ತನಕ ಬಂದಿಲ್ಲ ಅನ್ನೋದು ನನಗೆ ನೋವು.

ಫಾದರ್ ಸ್ಟೂಲ್ ಎಳೆದುಕೊಂಡು ಕೂತು ಮೊದಲು ಊಟ, ನಿದ್ದೆ ಕೇಳಿದರು. "ನಾಳಿ ಆಪರೇಷನ್‌ಗೆ ಧೈರ್ಯ ಬೇಕಲ್ಲವಾ, ಅದಕ್ಕ ಬಂದೀನಿ." ನಮ್ಮನ್ನು ಹೊರಗೆ ಕಳಿಸಿ ಪಾಪನಿವೇದನೆ ಕೇಳಿದರು.

ಹೆಬ್ಬೆರಳಿನಷ್ಟೇ ಇರುವ ಡಬ್ಬಿ, ಒಳಗೆ ಎಣ್ಣೆಯಲ್ಲಿ ನೆನೆದ ಹತ್ತಿ. ಧರ್ಮಾಧ್ಯಕ್ಷರು ಈಸ್ಟರ್ ಹಿಂದಿನ ಪವಿತ್ರ ವಾರದಲ್ಲಿ ಆಶೀರ್ವದಿಸಿದ ಆಲಿವ್ ಎಣ್ಣೆ ಅದು. (ಆಲಿವ್ ಸಿಗದ ಕಡೆ ಬೇರೆ ಗಿಡದ ಎಣ್ಣೆಯೂ ನಡೆಯುತ್ತದೆ. ಕುಸುಬಿ ಎಣ್ಣೆ ಉಂಡು ಬೆಳೆದ ನನಗೆ ಇದು ಬಹಳ ಹಿಡಿಸಿತು.) ಫಾದರ್ ಮಾತಿಲ್ಲದೆ ಅವಳ ತಲೆ ಮೇಲೆ ಕೈಯಿಟ್ಟರು. ಆಮೇಲೆ ಹಣೆಗೆ ಶಿಲುಬೆ ಗುರುತು, ಅನಂತರ ಎರಡೂ ಕೈಗೆ. ರೊಟ್ಟಿ ಬಡಿದು ಬಡಿದು ಗಟ್ಟಿಯಾದ ಅಂಗೈ. ಎಡಗೈಯ ಸಲೈನ್ ಪಟ್ಟಿಗೆ ತಾಗದಂತೆ ನಿಧಾನಕ್ಕೆ ಹಚ್ಚಿದರು. ಅವ್ವ ತಾನೇ "ಆಮೆನ್" ಅಂದಳು, ವಾರ್ಡಿಗೆಲ್ಲ ಕೇಳುವಂಗ. ಮುತ್ಯಾನ ಆಮೆನ್ನನ್ನು ಅಂದು ನಾವೇ ಹೇಳಿದ್ದೆವು.

ಪಕ್ಕದ ಮಂಚದ ಲಿಂಗಾಯತ ಆಯಿ "ನನಗೂ ಹಚ್ರಿ ಯಪ್ಪಾ" ಅಂದಳು. ಈ ಸಂಸ್ಕಾರ ದೀಕ್ಷಾಸ್ನಾನ (ಬ್ಯಾಪ್ಟಿಸಮ್) ಆದವರಿಗೆ ಮಾತ್ರ. ಫಾದರ್ ಡಬ್ಬಿ ಮುಚ್ಚಿ, ಆಕೆಯ ತಲೆ ಮೇಲೂ ಕೈಯಿಟ್ಟು ಅಷ್ಟೇ ಹೊತ್ತು ಪ್ರಾರ್ಥಿಸಿದರು.

ಅವ್ವನ ಎದೆ ಸರಿಮಾಡಿದ್ದು ಸರ್ಜನ್ನೇ. ಆದರೆ ಆ ರಾತ್ರಿ ಅವಳು ನೆಮ್ಮದಿಯಿಂದ ನಿದ್ದೆ ಮಾಡಿದ್ದನ್ನು ಪಕ್ಕದಲ್ಲೇ ಕೂತು ನೋಡಿದ್ದೇನೆ.

ಎಣ್ಣೆ ಹಚ್ಚಲು ಗುರುಗಳೇ ಬೇಕು. 2005ರಲ್ಲಿ ಆದ ನಮ್ಮ ಗುಲ್ಬರ್ಗ ಧರ್ಮಕ್ಷೇತ್ರ (ಒಬ್ಬ ಬಿಷಪ್‌ರ ಆಡಳಿತದ ಪ್ರದೇಶ) ಬೀದರ್, ಯಾದಗಿರಿ ತನಕ ಹರಡಿದೆ; ಅರ್ಧರಾತ್ರಿ ಕರೆದರೆ ಫಾದರ್ ಮುಟ್ಟುವಷ್ಟರಲ್ಲಿ ಎಷ್ಟೋ ಸಲ ಹೊತ್ತು ಮೀರಿರುತ್ತದೆ. ಮೊನ್ನೆ ಬೀದರ್‌ನ ಕಾಕಾಗೆ ಡಯಾಲಿಸಿಸ್ ಅಂತ ಸುದ್ದಿ ಬಂತು. ಅವ್ವ ಫೋನ್ ನನ್ನ ಕೈಗೆ ತುರುಕಿದಳು: "ಅಲ್ಲಿ ಫಾದರ್‌ಗೆ ಫೋನ್ ಹಚ್ಚು. ನಿನ್ ಕಾಕಾ ಇನ್ನೂ ಮಾತಾಡ್ಲಾಕ್ ಹತ್ತಾನ, ಫಾದರ್ ಈಗೇ ಹೋಗ್ಲಿ."